ಅಟ್ಟದ ಮೇಲಿನ ಡಬ್ಬಿ

ಸಿಂಧನೂರಿನ ಕುಷ್ಟಗಿ ರಸ್ತೆಯ ಒಂದು ಸಂದಿಯಲ್ಲಿ ಶಾವಲಿಯ ಅಂಗಡಿಯಿದೆ. ಬೋರ್ಡಿಲ್ಲ, ವಾರ್ನಿಷ್ ವಾಸನೆ ಹಿಡಿದು ಹೋದರೆ ಸಿಗುತ್ತದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಜನ ಅವನನ್ನು ನೆನೆಯುವುದು ಮಾತ್ರ ಬೇರೆ ಕಾರಣಕ್ಕೆ. ಹಳೆಯ ಮನೆ ಕೆಡವುವಾಗ, ಪಾಲು ಹಂಚಿಕೊಳ್ಳುವಾಗ, ಯಾರಿಗೂ ಹೆಸರು ಗೊತ್ತಿಲ್ಲದ ಕರೆಂಟಿನ ಸಾಮಾನು ಸಿಕ್ಕರೆ "ಶಾವಲಿಗೆ ತೋರಸ್ರಿ" ಅನ್ನುತ್ತಾರೆ.

ಮಸ್ಕಿಯ ಒಬ್ಬ ಕಿರಾಣಿ ವ್ಯಾಪಾರಿ ತಾತನ ಕಾಲದ ತಿಜೋರಿ ಎಂದು ಪೂಜೆ ಮಾಡುತ್ತಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಅವನು ಟೂರಿಂಗ್ ಟಾಕೀಸಿನ ಪ್ರೊಜೆಕ್ಟರಿಗೆ ಕರೆಂಟ್ ಕೊಡುವ ರೆಕ್ಟಿಫೈಯರ್ ಎಂದು ಒಂದೇ ನೋಟಕ್ಕೆ ಹೇಳಿದ್ದ. ವ್ಯಾಪಾರಿಗೆ ಎಷ್ಟು ಸಿಟ್ಟು ಬಂತೆಂದರೆ ಆಟೋ ಬಾಡಿಗೆಯನ್ನೂ ಶಾವಲಿಯೇ ಕೊಡಬೇಕಾಯಿತು. ಲಿಂಗಸುಗೂರಿನಲ್ಲಿ ತೀರಿಕೊಂಡ ಡಾಕ್ಟರೊಬ್ಬರ ಮನೆಯಿಂದ ಬಂದ ಗಾಜಿನ ಬುರುಡೆಯ ಯಂತ್ರಕ್ಕೂ ಅವನೇ ಹೆಸರು ಹೇಳಿದ. ಅದು ಮೊಣಕಾಲು ನೋವಿಗೆ ಶಾಖ ಕೊಡುವಂಥದ್ದು; ಒಯ್ದು ತೋರಿಸಿದವನು ನಾನೇ, ಪರಿಚಯವಾದದ್ದು ಹಾಗೆ. ಇದಕ್ಕೆಲ್ಲ ಅವನು ಕೇಳುವುದು ಒಂದು ಚಹಾ.

ಅವನದೊಂದು ಪದ್ಧತಿ ಇತ್ತು. ಎಂಥ ತುಕ್ಕು ಹಿಡಿದ ಸಾಮಾನೇ ಇರಲಿ, ಬೆರಳು ಸೋಕಿಸುವ ಮುಂಚೆ ಮರದ ಹಿಡಿಯ ಸ್ಕ್ರೂಡ್ರೈವರನ್ನು ಅದರ ತಂತಿ ಕೂಡಿಸುವ ಎರಡು ಮೊಳೆಗಳಿಗೆ ಅಡ್ಡ ಇಟ್ಟು ಕಿಡಿ ಬರುತ್ತದೋ ನೋಡುತ್ತಿದ್ದ. ಐವತ್ತು ವರ್ಷ ಮೂಲೆಯಲ್ಲಿ ಬಿದ್ದದ್ದಕ್ಕೂ ಇದೇ ಮರ್ಯಾದೆ. ನಾನು ನಕ್ಕರೆ, "ಸತ್ತೈತೋ ಇಲ್ಲೋ ಮೊದ್ಲು ಅದನ್ನಽ ಕೇಳಬೇಕ್ರಿ ಸರ್. ನೀರು ಕೆಟ್ಟದ್ದಲ್ಲ, ಬೆಂಕಿ ಕೆಟ್ಟದ್ದಲ್ಲ, ಕಾಣ್ತಾವ. ಇದು ಕಾಣಂಗಿಲ್ಲ" ಅನ್ನುತ್ತಿದ್ದ. ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ಈಗಲೂ ಅಲ್ಲ ಅನ್ನಲಾರೆ, ಅದೇ ನನ್ನ ಸಂಕಟ.

ನಾನು ಲಿಂಗಸುಗೂರಿನವನು, ಶಾಲೆಯ ಮಾಸ್ತರ. ಹೋದ ವರ್ಷ ಗೊರೇಬಾಳಕ್ಕೆ ವರ್ಗವಾಗಿ ಬಂದು ಆದೆಪ್ಪ ಎಂಬುವರ ಖಾಲಿ ಮನೆಯನ್ನು ಬಾಡಿಗೆಗೆ ಹಿಡಿದೆ. ಅಟ್ಟ ಗುಡಿಸುವಾಗ ಗೋಣಿಚೀಲ ಸುತ್ತಿ ಹಗ್ಗ ಬಿಗಿದ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಎಣ್ಣೆ ಜಿನುಗಿದ ನಾಲ್ಕು ದಪ್ಪ ಡಬ್ಬಿಗಳು, ಒಂದು ಒತ್ತುವ ಗುಂಡಿ, ಬಣ್ಣ ಹೋದ ತಂತಿಗಳು. ಆದೆಪ್ಪನವರಿಗೆ ಫೋನ್ ಮಾಡಿದರೆ, "ಏನೋ ಹಳೇ ಸಾಮಾನ್ರಿ, ಗುಜರಿಗೆ ಹಾಕ್ರಿ" ಅಂದು ಪಟಕ್ಕನೆ ಇಟ್ಟುಬಿಟ್ಟರು. ಗುಜರಿಯವನಿಗೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೋ ಕೆಟ್ಟ ಕುತೂಹಲ. ಬೈಕಿಗೆ ಕಟ್ಟಿಕೊಂಡು ಸಿಂಧನೂರಿಗೆ ಒಯ್ದೆ.

ಶಾವಲಿ ಗೋಣಿ ಬಿಚ್ಚಿ ಸ್ಕ್ರೂಡ್ರೈವರ್ ಅಡ್ಡ ಇಟ್ಟ. ಕಿಡಿ ಬರಲಿಲ್ಲ. ಆದರೂ ತೆಗೆಯಲಿಲ್ಲ, ಒತ್ತಿ ಹಿಡಿದೇ ಕೂತ.

"ಯಾವ ಊರಿಂದು ಇದು?"

"ಗೊರೇಬಾಳದ್ದು. ಆದೆಪ್ಪನವರ ಮನಿ ಅಟ್ಟದಾಗಿತ್ತು."

"ಸ್ಟೆಬಿಲೈಜರ್ ಐತ್ರಿ. ಇಲ್ಲೇ ಬಿಡ್ರಿ" ಅಂದ.

ಯಾವ ಸಾಮಾನಿಗಾದರೂ ಮಾಡಿದವರು ಯಾರು, ಯಾವ ಇಸವಿ, ಎಲ್ಲಿ ಕೆಟ್ಟಿದೆ ಎಂದು ಅರ್ಧ ತಾಸು ಹೇಳುವ ಮನುಷ್ಯ ಅವತ್ತು ಒಂದೇ ಮಾತಿಗೆ ಮುಗಿಸಿದ. ಚಹಾ ಕೂಡ ಕೇಳಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡು ಬಂದೆ.

ಸಂಜೆ ಪಕ್ಕದ ಮನೆಯ ಮಾಬುಬೀಗೆ ಡಬ್ಬಿಯ ಸುದ್ದಿ ಹೇಳಿದೆ. ಆ ಮುದುಕಿ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

"ಯಾ ಅಲ್ಲಾ, ಅದನ್ನ ಇನ್ನಾ ಇಟ್ಟಾರೇನು? ಯಮನೂರನ್ನ ನುಂಗಿದ ಡಬ್ಬಿರೀ ಅದು."

ಯಮನೂರ ಆದೆಪ್ಪನ ತಮ್ಮ. ಇಪ್ಪತ್ತೆಂಟು ವರ್ಷದ ಹಿಂದೆ ಅವನು ಎತ್ತರದಲ್ಲಿದ್ದ ತನ್ನ ಹೊಲಕ್ಕೆ ನೀರು ಏರಿಸಲು ಕಾಲುವೆಗೆ ಮೋಟಾರ್ ಇಟ್ಟಿದ್ದ. ಪರವಾನಗಿ ಇರಲಿಲ್ಲ, ಆಗ ಯಾರಿಗೂ ಇರಲಿಲ್ಲ. ಹಗಲು ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಇರದ ಕಾರಣ ಈ ಡಬ್ಬಿ ಜೋಡಿಸಿ, ಬರುವ ಅರ್ಧ ಕರೆಂಟಿನಲ್ಲೇ ಓಡಿಸುತ್ತಿದ್ದ. ಒಂದು ದಿನ ತಂತಿ ಸಡಿಲವಾಗಿ ಮೋಟಾರ್ ಗುಂಯ್‌ಗುಟ್ಟಿತು. ಹೆಂಡತಿ ಬಸ್ಸಮ್ಮನಿಗೆ "ಮೇನ್ ತೆಗಿ" ಎಂದು ಕೂಗಿದ. ಆಕೆ ಮೇನ್ ಸ್ವಿಚ್ಚಿನ ಹಿಡಿ ಎಳೆದಳು, ಮೋಟಾರ್ ನಿಂತಿತು. ಅವನು ಡಬ್ಬಿಗೆ ಕೈ ಹಾಕಿದ. ಹೊಡೆತಕ್ಕೆ ಹಾರಿ ಕಾಲುವೆಯ ಕಲ್ಲಿಗೆ ತಲೆ ಬಡಿದು ಬಿದ್ದ.

ಪೊಲೀಸರು ಬಂದರೆ ಮೋಟಾರಿನ ಸುದ್ದಿ ಏಳುತ್ತದೆ ಎಂದು ಮನೆಯವರು ಕಾಲು ಜಾರಿ ಬಿದ್ದು ಸತ್ತ ಅಂದರು. ಡಬ್ಬಿ ಅಟ್ಟ ಸೇರಿತು. ಮನೆಯೊಳಗೆ ಮಾತ್ರ ನ್ಯಾಯ ನಡೆಯಿತು. ಕರೆಂಟ್ ತೆಗೆದ ಮೇಲೆ ಕರೆಂಟ್ ಎಲ್ಲಿಂದ ಬರುತ್ತದೆ? ಇಷ್ಟೇ ಹಿರಿಯರ ಪ್ರಶ್ನೆ. ಹಿಡಿ ಮೇಲೆ ಎಳೆದೆಯೋ, ಕೆಳಗೆ ಎಳೆದೆಯೋ ಎಂದು ಆಕೆಯನ್ನು ಹಗಲೆಲ್ಲ ಕೇಳಿದರು. "ತೆಗೆದಾಕಿ ಮತ್ತ ಹಾಕ್ಯಾಳ" ಎಂದು ತೀರ್ಮಾನವಾಯಿತು. ತಿಥಿ ಮುಗಿದ ಮರುದಿನ ಇಪ್ಪತ್ತೆರಡರ ಆ ಹುಡುಗಿಯನ್ನು ಪಾಮನಕಲ್ಲೂರಿನ ತವರಿಗೆ ಬಿಟ್ಟು ಬಂದರು.

ಒಂದು ವಾರ ಕಳೆದ ಮೇಲೆ ಶಾವಲಿ ಆಟೋ ಮಾಡಿಕೊಂಡು ನನ್ನ ಮನೆಗೇ ಬಂದ. ತೊಡೆಯ ಮೇಲೆ ಅದೇ ಡಬ್ಬಿ.

"ಇದು ಸ್ಟೆಬಿಲೈಜರ್ ಅಲ್ರೀ ಸರ್. ಕಂಡೆನ್ಸರ್ ಡಬ್ಬಿ. ನಾನಽ ಕಟ್ಟಿದ್ದು."

ಅವನು ಜೇಬಿನಿಂದ ಬೆರಳಿನ ಗಿಣ್ಣಿನಷ್ಟು ದಪ್ಪದ ಒಂದು ಬಿಳಿ ಕಲ್ಲು ತೆಗೆದ. ಎರಡೂ ಕಡೆ ಸಣ್ಣ ತಂತಿಯಿತ್ತು.

"ಮೋಟಾರ್ ಎಬ್ಬಿಸಾಕ ಅಂತ ಇದರಾಗ ಬ್ಯಾರೆ ಕಂಡೆನ್ಸರ್ ಇರ್ತಾವ್ರಿ, ಈ ದಪ್ಪ ಡಬ್ಬಿಗೋಳು. ಗುಂಡಿ ಬಿಟ್ಟಕೂಡ್ಲೆ ಅವು ಮೋಟಾರಿಂದ ಬ್ಯಾರೆ ಆಗ್ತಾವ. ಮೇನ್ ತೆಗೆದ್ರೂ ಅವುಗಳ ಹೊಟ್ಟ್ಯಾಗ ಕರೆಂಟ್ ಕುಂತಿರ್ತೈತಿ, ತಾಸುಗಟ್ಟಲೆ. ಅದನ್ನ ಮೆಲ್ಲಕ ಇಳಿಸಾಕ ಈ ರೆಸಿಸ್ಟೆನ್ಸ್ ಹಾಕಬೇಕು. ಅವತ್ತು ನನ್ನ ಹಂತ್ಯಾಕ ಇರಲಿಲ್ಲ. ಲಿಂಗಸೂರಿನಾಗ ನಮ್ಮ ಉಸ್ತಾದ್ ಗೌಸ್‌ಸಾಬ್ರ ಕಡಿಂದ ತರಬೇಕಿತ್ತು. ಯಮನೂರಗ ನಾಳೆ ಬಾ ಅಂದೆ. ಸಸಿ ಒಣಗಾಕತ್ಯಾವ ಕೊಡೋ ಮಾರಾಯ ಅಂದ. ಕೊಟ್ಟೆ."

ಆಗ ಅವನು ಅಂಗಡಿ ಇಟ್ಟು ಆರು ತಿಂಗಳಾಗಿತ್ತಂತೆ. ಯಮನೂರ ಸತ್ತ ಮೂರನೇ ದಿನ ಸುದ್ದಿ ಕೇಳಿ ಗೊರೇಬಾಳದ ಬಸ್ಸು ಹತ್ತಿದ. ಇಳಿದ ಕಡೆ ಹೋಟೆಲಿನಲ್ಲಿ ಜನ "ಹೇಣ್ತಿ ಸ್ವಿಚ್ ಹಾಕ್ಯಾಳ" ಎಂದು ಮಾತಾಡುತ್ತಿದ್ದರು. ಕೇಳಿದ, ಚಹಾ ಕುಡಿದ, ಅದೇ ಬಸ್ಸು ತಿರುಗಿ ಬಂದಾಗ ಹತ್ತಿ ಸಿಂಧನೂರಿಗೆ ಮರಳಿದ. ಹೆಂಡತಿ ಶಂಶಾದ್‌ಬೀಗೂ ಹೇಳಲಿಲ್ಲ. ಆಕೆ ತೀರಿಕೊಂಡು ಎರಡು ವರ್ಷವಾಯಿತು.

ನನಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೆಂಟು ವರ್ಷ ಬಾಯಾಗ ಕಡುಬು ಇಟ್ಕೊಂಡಿದ್ರೇನು ಸಾಬ್ರೆ?" ಎಂದು ಕೇಳಿಯೇಬಿಟ್ಟೆ. ವಯಸ್ಸಿಗೆ ಹಿರಿಯ, ಕೇಳಬಾರದಿತ್ತು. ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಅವನು ಡಬ್ಬಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಾ ಕೂತಿದ್ದ.

"ಆ ಹೆಣ್ಣುಮಗಳು ಬದುಕ್ಯಾಳೇನ್ರಿ?" ಎಂದು ಕೇಳಿದ.

ಬಸ್ಸಮ್ಮ ಇನ್ನೂ ತವರಿನಲ್ಲೇ ಇದ್ದಾಳೆ ಎಂದು ಮಾಬುಬೀ ಹೇಳಿದಳು; ರವಿವಾರ ನನ್ನ ಬೈಕಿನ ಮೇಲೆ ಹೊರಟೆವು. ದಾರಿಯಲ್ಲಿ ಗದ್ದೆಯ ಹಸಿರು ಮುಗಿದು ಮಸ್ಕಿ ದಾಟಿದ ಮೇಲೆ ಬರೀ ತೊಗರಿ, ಸಜ್ಜೆ. ಶಾವಲಿ ಹಿಂದೆ ಡಬ್ಬಿ ತಬ್ಬಿಕೊಂಡು ಕೂತಿದ್ದ. ಮಸ್ಕಿಯಲ್ಲಿ ಒಂದು ಕಡೆ ಇಳಿದು, "ತಿರುಗಿ ಹೋಗೋಣೇನ್ರಿ ಸರ್?" ಅಂದ. ನಾನು ಗಾಡಿ ಬಂದ್ ಮಾಡಲಿಲ್ಲ. ಅವನು ಮತ್ತೆ ಹತ್ತಿ ಕೂತ.

ಪಾಮನಕಲ್ಲೂರಿನಲ್ಲಿ ಬಸ್ಸಮ್ಮ ಅಣ್ಣನ ಮನೆಯ ಹೊರಗೋಣೆಯಲ್ಲಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೋಣೆಯೊಳಗೆ ಆಗಲೇ ಮಬ್ಬು. ಲೈಟ್ ಹಾಕಬಾರದೇ ಎಂದು ಕೇಳಿದರೆ, "ನಮ್ಮಣ್ಣನ ಸೊಸಿ ಹೊಲದಿಂದ ಬಂದು ಹಾಕ್ತಾಳ್ರಿ. ನಾ ಸ್ವಿಚ್ ಮುಟ್ಟಂಗಿಲ್ಲ" ಅಂದಳು. ಗೊರೇಬಾಳ ಬಿಟ್ಟ ಮೇಲೆ ಒಂದು ಸಲವೂ ಮುಟ್ಟಿಲ್ಲವಂತೆ. ಸೊಸೆ ತಡವಾಗಿ ಬಂದರೆ ಕತ್ತಲಲ್ಲೇ ಕೂತಿರುತ್ತಾಳೆ.

ಶಾವಲಿ ಗೋಡೆಗೆ ಒರಗದೆ ನೆಲದ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ. ಆಕೆ ಅದನ್ನು ಕಂಡದ್ದೇ ಹಿಂದಕ್ಕೆ ಸರಿದಳು.

"ಹೆದರಬ್ಯಾಡವ್ವ, ಇದು ಸತ್ತೈತಿ. ಇಲ್ಲಿ ನೋಡು. ಈ ಎರಡು ಮೊಳಿಗೆ ಈ ಕಲ್ಲು ಕೂಡಿಸಬೇಕಿತ್ತು. ಬೆಸುಗಿ ಬಿದ್ದಽ ಇಲ್ಲ ನೋಡು, ತಾಮ್ರ ಹಂಗಽ ಐತಿ. ಇದನ್ನ ಕಟ್ಟಿದಾವ ನಾನು. ನೀ ಮೇನ್ ತೆಗೆದಿದ್ದಿ. ಸರಿಯಾಗಿ ತೆಗೆದಿದ್ದಿ. ನಿನ್ನ ಗಂಡನ್ನ ಹೊಡದದ್ದು ಇದರಾಗ ಉಳಿದಿದ್ದ ಕರೆಂಟ್."

ಬಸ್ಸಮ್ಮ ಮುಂದಕ್ಕೆ ಬಾಗಿ ಆ ಎರಡು ಮೊಳೆಗಳನ್ನು ನೋಡಿದಳು.

"ಕೆಳಗ ಎಳದಿದ್ದೆ ನಾ" ಅಂದಳು.

"ಹೌದವ್ವ. ಕೆಳಗ ಎಳದ್ರ ಬಂದ್."

"ಹಂಗಽ ಹೇಳಿದೆ ಮೊದ್ಲು. ಮತ್ತ ಕೇಳಿದ್ರು. ಮತ್ತ ಮತ್ತ ಕೇಳಿದ್ರು. ಹೊತ್ತು ಮುಳುಗೂದ್ರಾಗ ಮ್ಯಾಲ ಎಳದ್ನೇನೋ ಅಂದೆ. ಆಮ್ಯಾಲ ಕಣ್ಣು ಮುಚ್ಚಿದ್ರ ನನ್ನ ಕೈ ಮ್ಯಾಲ ಹೋಗೂದಽ ಕಾಣತಿತ್ತು." ಆಕೆಯ ದನಿ ಏರಲಿಲ್ಲ. "ಯಾರೋ ಅಂದ್ರು ಅಂತಲ್ಲ. ನಾನಽ ಕೊಂದೀನಿ ಅಂತ ನಂಬಿದ್ದೆ ನೋಡಣ್ಣ."

ಶಾವಲಿ ಅಳುತ್ತಿದ್ದ. ಆಕೆ ಅಳಲಿಲ್ಲ.

"ನಿನಗ ಇದು ಯಾವಾಗ ಗೊತ್ತಾತು?"

ಹೋದ ವಾರ ಎಂದು ಹೇಳಬಹುದಿತ್ತು. ನಾನಂತೂ ಬಾಯಿ ಬಿಡುತ್ತಿರಲಿಲ್ಲ. ಹೇಳಲಿ, ಸುಳ್ಳೇ ಹೇಳಲಿ ಎಂದು ನನಗೂ ಒಂದು ಕ್ಷಣ ಅನಿಸಿತು.

"ಮೂರನೇ ದಿನಕ್ಕ" ಅಂದ ಶಾವಲಿ.

ಆಕೆ ತಲೆಯಾಡಿಸಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು, ಬೈಯಲಿಲ್ಲ.

"ಗೊರೇಬಾಳಕ್ಕ ಹೋಗಿ ಎಲ್ಲಾರ ಮುಂದ ಹೇಳ್ತೀನವ್ವ. ಆದೆಪ್ಪಗ ಹೇಳ್ತೀನಿ."

"ಹೇಳು. ನಮ್ಮತ್ತಿ ಇದ್ದಿದ್ರ ಚಲೋ ಇತ್ತು. ಸಾಯೂಮಟ ಆಕಿ ನನ್ನ ಮಾರಿ ನೋಡಲಿಲ್ಲ."

ಹೊರಗೆ ಹೊತ್ತು ಮುಳುಗಿತ್ತು. ಕೋಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಮನೆ ಹೀಗಿರಬಾರದು ಎಂದು ಅನಿಸಿತೋ ಏನೋ, ಬಸ್ಸಮ್ಮ ಮೊರ ಕೆಳಗಿಟ್ಟು ಎದ್ದಳು. ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು. ಕೈ ಎತ್ತಿದಳು. ಬೆರಳು ಸ್ವಿಚ್ಚಿನಿಂದ ಒಂದು ಗೇಣು ದೂರದಲ್ಲಿ ನಿಂತು, ಹಾಗೇ ಕೆಳಗಿಳಿಯಿತು.

"ಆಗಂಗಿಲ್ಲಣ್ಣ" ಅಂದಳು. "ನೀನಽ ಹಾಕು."

ಶಾವಲಿ ಎದ್ದು ಹೋಗಿ ಹಾಕಿದ. ಆಕೆ ತನ್ನ ಜಾಗಕ್ಕೆ ಬಂದು ಕೂತು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.