ಮೊಣಕೈ ನಮಸ್ಕಾರ

ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರಕ್ಕೂ ಅಡುಗೆಮನೆಗೂ ನಡುವೆ, ಬಟ್ಟೆ ಒಗೆಯುವ ಒಂದು ದೊಡ್ಡ ಶೆಡ್ಡು ಇತ್ತು. ಅಂಥ ಜಾಗ ಹುಡುಕಿ ಕಟ್ಟಿಸಿದ ಮಹಾನುಭಾವ ಯಾರೋ ಗೊತ್ತಿಲ್ಲ. ಆ ದಿನ ಅವನಿಗೆ ನೆಗಡಿಯಾಗಿದ್ದಿರಬೇಕು. ಶೆಡ್ಡಿನ ನಡುವೆ ಸೂರು ಮುಟ್ಟುವ ಗೋಡೆ. ಗೋಡೆಯಲ್ಲೇ ಹುದುಗಿಸಿದ ಒಗೆಯುವ ಯಂತ್ರಗಳಿಗೆ ಎರಡೆರಡು ಬಾಯಿ. ಈಚೆಯ ಬಾಯಿಗೆ ಹೊಲಸು ಬಟ್ಟೆ ತುಂಬಿದರೆ ಆಚೆಯ ಬಾಯಿಯಿಂದ ಒಗೆದ ಬಟ್ಟೆ ತೆಗೆಯಬಹುದು. ಈಚೆಯದು ಹೊಲಸು ಕಡೆ, ಆಚೆಯದು ಚೊಕ್ಕ ಕಡೆ. ಬಟ್ಟೆ ಗೋಡೆ ದಾಟಬಹುದು, ಮನುಷ್ಯರು ದಾಟುವಂತಿಲ್ಲ. ರೋಗ ಹರಡಬಾರದೆಂದು ಮಾಡಿದ ನಿಯಮ, ಸರಿಯಾದದ್ದೇ. ಆದರೆ ಅದು ಗೋಡೆಯಲ್ಲಿ ನಿಲ್ಲದೆ ಜನರ ತಲೆಯೊಳಗೂ ಹೊಕ್ಕು ಕೂತಿತ್ತು.

ಮೊಣಕೈಯಮ್ಮ ಹೊಲಸು ಕಡೆಯವಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಹಾಜರಿ ಪುಸ್ತಕ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ವಾರ್ಡುಗಳಿಂದ ಬರುವ ಚೀಲಗಳನ್ನು ಬಿಚ್ಚಿ, ಒಳಗಿನದನ್ನು ಮೇಜಿನ ಮೇಲೆ ಸುರಿದು ವಿಂಗಡಿಸುವುದು ಅವಳ ಕೆಲಸ. ರಕ್ತದ್ದು ಒಂದು ಕಡೆ, ವಾಂತಿಯದು ಒಂದು ಕಡೆ, ಹೇಳಬಾರದ್ದು ಇನ್ನೊಂದು ಕಡೆ. ಮಡಿಕೆಗಳ ನಡುವೆ ಸೂಜಿ ಬರುತ್ತಿತ್ತು, ಅರ್ಧ ತಿಂದ ಬ್ರೆಡ್ಡು ಬರುತ್ತಿತ್ತು, ಯಾರದೋ ಕಟ್ಟಿಸಿದ ಹಲ್ಲು ಬರುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಆ ಮೇಜಿನ ಮುಂದೆ ಒಂದು ಪಾಳಿ ನಿಂತಿದ್ದರೆ ಮೊಸರಿನ ಮಾತೇ ಎತ್ತುತ್ತಿರಲಿಲ್ಲ.

ಹೊಲಸು ಕಡೆಯವರಿಗೆ ಅಂಗೈ ಇದ್ದೂ ಇಲ್ಲದ ಹಾಗೆ. ನಲ್ಲಿ ತಿರುಗಿಸುವುದು ಮೊಣಕೈಯಿಂದ, ಬಾಗಿಲು ತಳ್ಳುವುದು ಸೊಂಟದಿಂದ, ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳುವುದು. ಪಾಳಿ ಬದಲಾಗುವಾಗ ಮೊಣಕೈಗೆ ಮೊಣಕೈ ತಾಗಿಸುತ್ತಾರೆ, ಅದೇ ಅವರ ನಮಸ್ಕಾರ. ಹೊರಡುವಾಗ ಒಂದು ಸ್ನಾನ, ಮನೆಗೆ ಬಂದು ಇನ್ನೊಂದು ಸ್ನಾನ. ಮೈಯಿಂದ ವಾಸನೆ ಹೋದರೂ ಕೈಯಿಂದ ಅಭ್ಯಾಸ ಹೋಗಬೇಕಲ್ಲ. ಮಗಳು ಎದುರಿಗೆ ಓಡಿ ಬಂದರೂ ಇವಳು ಮೊದಲು ಮೊಣಕೈ ಚಾಚುವಳು, ಮಗಳು ತನ್ನ ಪುಟ್ಟ ಮೊಣಕೈ ತಾಗಿಸುವಳು. ಅಪ್ಪುಗೆ ಏನಿದ್ದರೂ ಎರಡನೇ ಸ್ನಾನ ಆದ ಮೇಲೆ. ಇದನ್ನು ನೋಡಿ ನೋಡಿಯೇ ಬೀದಿಯ ಮಕ್ಕಳು ಅವಳಿಗೆ ಆ ಹೆಸರಿಟ್ಟದ್ದು.

ಗಂಡ ಎನ್ನಿಸಿಕೊಂಡವನು ಮಗಳಿಗೆ ಹಲ್ಲು ಬರುವ ಮೊದಲೇ ಇನ್ನೊಬ್ಬಳ ಮನೆ ಸೇರಿದ್ದ. ದೂರವೇನೂ ಹೋಗಿರಲಿಲ್ಲ, ಎರಡು ಬೀದಿ ಆಚೆ. ಬಸ್ಸಿನ ಕಿಟಕಿಯಿಂದ ಆ ಮನೆಯ ಮಹಡಿಯ ಮೇಲೆ ಅವನ ಅಂಗಿಗಳು ಒಣಗುವುದು ಕಾಣುತ್ತಿತ್ತು. ಅಷ್ಟು ದೂರಕ್ಕೂ ಕಾಣುವಷ್ಟು ಕಾಲರಿನಲ್ಲಿ ಕೊಳೆ. ಅವಳಿಗೆ ದುಃಖಕ್ಕಿಂತ ಹೇಸಿಗೆಯೇ ಹೆಚ್ಚಾಗುತ್ತಿತ್ತು. ಬಿಟ್ಟು ಹೋದದ್ದು ಹಾಳಾಗಲಿ, ಹೋದ ಕಡೆಯಾದರೂ ನೆಟ್ಟಗೆ ಒಗೆಸಿಕೊಳ್ಳಬಾರದೇ ಎಂದು ಮುಖ ತಿರುಗಿಸುವಳು.

ಮಗಳ ಶಾಲೆಯ ಖರ್ಚಿಗೆಂದೇ ಅವಳು ಹೊಲಸು ಕಡೆಗೆ ಬಂದದ್ದು. ಅಲ್ಲಿ ಸಂಬಳದ ಮೇಲೆ ಸ್ವಲ್ಪ ಭತ್ಯೆ ಸಿಗುತ್ತಿತ್ತು. ಆದರೆ ಪಾಳಿ ಮಧ್ಯಾಹ್ನದಿಂದ ರಾತ್ರಿಯವರೆಗೆ. ಶಾಲೆ ಬಿಟ್ಟ ಮೇಲೆ ಮಗಳು ಅಕ್ಕನ ಮನೆಯಲ್ಲಿರಬೇಕು, ತಾಯಿ ಬಂದಾಗ ನಿದ್ದೆಗಣ್ಣಲ್ಲಿ ಎದ್ದು ಬರಬೇಕು. ಇದರಿಂದ ಬಿಡಿಸಿಕೊಳ್ಳಲು ಒಂದೇ ದಾರಿ ಎಂದರೆ ಚೊಕ್ಕ ಕಡೆಯ ಮೇಲ್ವಿಚಾರಕಿಯ ಹುದ್ದೆ. ಹಗಲು ಕೆಲಸ, ಹೆಚ್ಚು ಸಂಬಳ, ಬಿಳಿ ಕೋಟು. ಅದಕ್ಕೆ ಬೇಕಾದ ತರಬೇತಿಯ ಪಾಠವನ್ನು ಬಸ್ಸಿನಲ್ಲೇ ಓದಿ ಪಾಸು ಮಾಡಿಕೊಂಡಿದ್ದಳು.

ಪಾಸಾದರೆ ಸಾಕೇ? ಮೊದಲ ಸಲ ಹುದ್ದೆ ಖಾಲಿಯಾದಾಗ ಮ್ಯಾನೇಜರ್ ತನ್ನ ಹೆಂಡತಿಯ ತಮ್ಮನನ್ನು ತಂದು ಕೂರಿಸಿದ. ಆ ಮಹಾಶಯ ದಿಂಬಿನ ಚೀಲಕ್ಕೂ ಹೊದಿಕೆಗೂ ವ್ಯತ್ಯಾಸ ಕಲಿಯುವುದರೊಳಗೆ ಬೇಜಾರಾಗಿ ಹೊರಟುಹೋದ. ಎರಡನೇ ಸಲ ಮ್ಯಾನೇಜರ್ ಅವಳನ್ನೇ ಕರೆದು, ದನಿಯಲ್ಲಿ ಬೆಲ್ಲ ಬೆರೆಸಿ ಹೇಳಿದ್ದ, "ನೋಡಮ್ಮ, ಒಬ್ಬಳೇ ಮಗು ಸಾಕ್ತಿದೀಯ. ಜವಾಬ್ದಾರಿ ಕೆಲಸ ಅಂದ್ರೆ ನಿಂಗೆ ಕಷ್ಟ ಆಗುತ್ತೆ ಅಂತ ನಾವೇ ಯೋಚನೆ ಮಾಡಿ ಬೇರೆಯವರಿಗೆ ಕೊಟ್ವಿ. ಮುಂದಿನ ಸಲ ನೋಡೋಣ." ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಬೈದಿದ್ದರೆ ಅವಳಿಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. 

ಈ ಮ್ಯಾನೇಜರ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಪ್ರತಿ ಸೋಮವಾರ ಹೊಲಸು ಕಡೆಗೆ ಒಂದು ನೀಲಿ ಚೀಲ ಬರುತ್ತಿತ್ತು. ಅದು ಯಾವ ವಾರ್ಡಿನದೂ ಅಲ್ಲ, ಅವನ ಮನೆಯದು. ಹಾಸಿಗೆಯ ಹೊದಿಕೆ, ಟವೆಲ್ಲು, ಒಳಬಟ್ಟೆ ಸಮೇತ. ಹೊರಗಿನ ಬಟ್ಟೆ ಆಸ್ಪತ್ರೆಯ ಯಂತ್ರಕ್ಕೆ ಹಾಕಬಾರದೆಂದು ಗೋಡೆಯ ಮೇಲೆ ಬೋರ್ಡು ಬರೆಸಿದವನೂ ಅವನೇ.

ಮೂರನೇ ಸಲ ಹುದ್ದೆ ಖಾಲಿಯಾದ ವಾರವೇ ಅಕ್ಕ ಮಾತು ತೆಗೆದಳು. ಅಕ್ಕ ಕೆಟ್ಟವಳಲ್ಲ, ಆದರೆ ಮಾಡಿದ ಉಪಕಾರವನ್ನು ಆಡಿ ತೋರಿಸದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ನಮ್ಮತ್ತೆ ಬಂದು ಇಲ್ಲೇ ಇರ್ತಾರಂತೆ. ನಿನ್ ಮಗಳು ಮಲಗೋ ರೂಮು ಅವರಿಗೆ ಬೇಕು. ಶಾಲೆ ರಜೆ ಮುಗಿದ ಮೇಲೆ ನೀನು ಬೇರೆ ದಾರಿ ನೋಡ್ಕೋ."

"ಇನ್ನೊಂದು ಸ್ವಲ್ಪ ದಿನ ಅಕ್ಕ. ಈ ಸಲ ಕೆಲಸ ಸಿಗಬಹುದು."

"ಪ್ರತಿ ಸಲಾನೂ ಇದೇ ಹೇಳ್ತೀಯ. ಇನ್ನೊಂದು ವಿಷ್ಯ. ನಿನ್ ಮಗಳು ನಮ್ಮನೇಲೂ ಬಾಗಿಲನ್ನ ಸೊಂಟದಲ್ಲೇ ತಳ್ತಾಳೆ. ಯಾರಾದ್ರೂ ನೋಡಿದ್ರೆ ನಮ್ಮನೆ ಹೊಲಸು ಅಂದ್ಕೊಳಲ್ವಾ?"

ಮೊಣಕೈಯಮ್ಮ ಮಗಳ ಚೀಲ ಎತ್ತಿಕೊಂಡು ಹೊರಟಳು. ಈ ಸಲ ಹುದ್ದೆ ಸಿಗದಿದ್ದರೆ ಒಂದೋ ಕೆಲಸ ಬಿಡಬೇಕು, ಇಲ್ಲವೇ ಮಗಳನ್ನು ಬೀಗ ಹಾಕಿದ ಮನೆಯಲ್ಲಿ ಒಬ್ಬಳೇ ಬಿಡಬೇಕು.

ಈ ಸಲದ ಸಂದರ್ಶನಕ್ಕೆ ಅವಳಿಗೆ ತಯಾರಿ ಮಾಡಿಸಿದ್ದು ಹಲ್ಲಜ್ಜಿ. ಹೊಲಸು ಕಡೆಯ ಹಿರಿಯಳು ಅವಳು. ಬಟ್ಟೆಯಲ್ಲಿ ಸಿಕ್ಕ ಕಟ್ಟು ಹಲ್ಲುಗಳನ್ನೆಲ್ಲ ತೊಳೆದು, ವಾರ್ಡು ವಾರ್ಡಿಗೂ ಹೋಗಿ, ಬೊಚ್ಚು ಬಾಯಿಗಳನ್ನು ಹುಡುಕಿ ಕೊಟ್ಟು ಬರುತ್ತಿದ್ದುದರಿಂದ ಆ ಹೆಸರು.

"ಒಳಗೆ ಹೋದ ತಕ್ಷಣ ಅವರು ಕೈ ಚಾಚ್ತಾರೆ ಕಣೇ," ಎಂದಳು ಅಜ್ಜಿ. "ನೀನೂ ಕೈ ಚಾಚು. ಮೊಣಕೈ ಅಲ್ಲ."

"ಅಷ್ಟೂ ಗೊತ್ತಾಗಲ್ವಾ ಅಜ್ಜಿ ನಂಗೆ?"

"ಎಲ್ಲಿ, ಕೊಡು ನೋಡೋಣ."

ಅಜ್ಜಿ ಕೈ ಚಾಚಿದಳು. ಮೊಣಕೈಯಮ್ಮನ ಮೊಣಕೈ ತಾನಾಗಿಯೇ ಮೇಲೆದ್ದಿತು. ಇಬ್ಬರೂ ಸ್ನಾನದ ಕೋಣೆಯಲ್ಲಿ ನಿಂತು, ಮದುವೆಗೆ ಬಂದ ಬೀಗರ ಹಾಗೆ, ಮತ್ತೆ ಮತ್ತೆ ಕೈ ಕುಲುಕಿ ಅಭ್ಯಾಸ ಮಾಡಿದರು. ಹೊಟ್ಟೆ ಹಿಡಿದು ನಕ್ಕರು. ಆ ಕೆಲಸದಲ್ಲಿ ನಗುವಂಥ ದಿನ ಅಪರೂಪ.

ಸಂದರ್ಶನದ ದಿನ ಮೋಡ ಕವಿದಿತ್ತು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಅಕ್ಕನ ಸೆಂಟು ಹಚ್ಚಿ, ಕೊಡೆ ಹಿಡಿದು ಹೋದಳು. ಮ್ಯಾನೇಜರ್ ಪಕ್ಕದಲ್ಲಿ ಮೇಲಿನ ಆಫೀಸಿನ ಮೇಡಂ ಒಬ್ಬರು ಕೂತಿದ್ದರು. ಬಾಗಿಲನ್ನು ಅವಳು ಸೊಂಟದಿಂದ ತಳ್ಳಿದಳು. ಮೇಡಂ ಎದ್ದು ಕೈ ಚಾಚಿದರು. ಅಷ್ಟು ಅಭ್ಯಾಸವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮೊಣಕೈ ಎದ್ದು ಮೇಡಂ ಬೆರಳಿಗೆ ತಾಗಿತು.

"ತಪ್ಪು ತಿಳೀಬೇಡಿ ಮೇಡಂ, ಇವರು ಹೊಲಸು ಕಡೆಯವರು," ಎಂದು ಮ್ಯಾನೇಜರ್ ಹಲ್ಲು ಕಿರಿದ. ಮೇಡಂ ಬೆರಳುಗಳನ್ನು ಮಡಿಚಿಕೊಂಡು ಕೂತರು.

ಬಟ್ಟೆಯ ಬಗ್ಗೆ, ಯಂತ್ರದ ಬಗ್ಗೆ, ಕೆಲಸಗಾರರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಮಗುವಿಗೆ ಹುಷಾರಿಲ್ಲದಿದ್ದರೆ ಯಾರು ನೋಡುತ್ತಾರೆ? ಮತ್ತೆ ಮದುವೆಯಾಗುವ ಯೋಚನೆ ಇದೆಯಾ? ಗಂಡ ಬಂದು ಗಲಾಟೆ ಮಾಡುತ್ತಾನಾ? ಅವಳು ಎಲ್ಲದಕ್ಕೂ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಚೀಲ ಬಿಚ್ಚಿ ಸುರಿಯುವ ಮೇಜು ನೆನಪಾಯಿತು. ಇಂದು ಆ ಮೇಜಿನ ಮೇಲಿದ್ದದ್ದು ಅವಳದೇ ಮನೆ.

ಹೊರಗೆ ಬಂದು ಮೆಟ್ಟಿಲಿಳಿದಾಗ ಹನಿ ಬೀಳುತ್ತಿತ್ತು, ಕೊಡೆ ಒಳಗೇ ಉಳಿದಿತ್ತು. ವಾಪಸು ಬಂದಳು. ಬಾಗಿಲು ಅರ್ಧ ತೆರೆದಿತ್ತು. ಮ್ಯಾನೇಜರ್ ಅವಳು ಕೂತಿದ್ದ ಕುರ್ಚಿಗೆ ಏನೋ ಔಷಧ ಚಿಮುಕಿಸಿ ಬಟ್ಟೆಯಿಂದ ಒರೆಸುತ್ತಿದ್ದ. ಕೂರುವ ಜಾಗ, ಬೆನ್ನು, ಎರಡು ಕೈ, ಒಂದನ್ನೂ ಬಿಡದೆ.

ಮೇಡಂ ಮೂಗಿನ ಹತ್ತಿರ ಕರವಸ್ತ್ರ ಹಿಡಿದೇ ಮಾತಾಡುತ್ತಿದ್ದರು. "ಇವರನ್ನೇ ಹಾಕಿಬಿಡಿ. ಒಂಟಿ ಹೆಂಗಸು, ಮಗು ಬೇರೆ ಇದೆ. ಬಿಟ್ಟು ಎಲ್ಲಿಗೆ ಹೋಗ್ತಾರೆ? ಹಿಂದಿನವರಿಗೆ ಕೊಟ್ಟಷ್ಟು ಸಂಬಳ ಏನೂ ಬೇಡ. ಎಷ್ಟು ಕೊಟ್ರೂ ಇರ್ತಾರೆ."

ಬಯಸಿದ ಹುದ್ದೆ ಸಿಕ್ಕ ಸುದ್ದಿ ಅವಳ ಕಿವಿಗೆ ಬಿದ್ದದ್ದು ಹೀಗೆ. ಎಷ್ಟೋ ವರ್ಷ ಚೀಲ ಬಿಚ್ಚಿದರೂ ಅವಳು ವಾಂತಿ ಮಾಡಿಕೊಂಡವಳಲ್ಲ. ಈಗ ಗಂಟಲಿನವರೆಗೆ ಬಂತು. ಮಗಳು ಇವಳ ಕೊರಳಿಗೆ ಬಿದ್ದ ಹಗ್ಗ, ಎಳೆದ ಕಡೆ ಇವಳು ಬರುತ್ತಾಳೆ ಎಂದು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇದೆ ಎನ್ನುವುದು ಅವಳಿಗೆ ಇನ್ನೂ ಹೇಸಿಗೆ ತಂದಿತು.

ಸೊಂಟದಿಂದ ಬಾಗಿಲು ತಳ್ಳಿ ಒಳಗೆ ಹೋದಳು. ಮ್ಯಾನೇಜರ್ ಒರೆಸುವ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಕೊಡೆ ಮರೆತಿದ್ದೆ," ಎಂದಳು. ಕೊಡೆ ತೆಗೆದುಕೊಂಡವಳು ಹೊರಡಲಿಲ್ಲ. "ಸರ್, ನಿಮ್ಮನೆ ಹಾಸಿಗೆ ಬಟ್ಟೆ ಪ್ರತಿ ಸೋಮವಾರ ನನ್ ಕೈಯಲ್ಲೇ ಹಾದು ಹೋಗುತ್ತೆ. ಅದ್ರಲ್ಲಿ ಏನೇನಿರುತ್ತೆ ಅಂತ ನಾನು ಯಾರಿಗೂ ಹೇಳಿಲ್ಲ. ಮುಟ್ಟಿದ ಮೇಲೆ ಮೇಜನ್ನ ಔಷಧ ಹಾಕಿ ಒರೆಸಿಲ್ಲ. ನೀವು ನಾನು ಕೂತ ಕುರ್ಚಿ ಒರೆಸ್ತಿದೀರಿ."

ಮ್ಯಾನೇಜರ್ ಮುಖ ಒಗೆದು ಬಂದ ಅವನದೇ ಟವೆಲ್ಲಿನ ಹಾಗೆ ಬಿಳಿಚಿಕೊಂಡಿತು. ಮೇಡಂ ಕರವಸ್ತ್ರ ಇಳಿಸಿದರು.

"ಮನೆ ಬಟ್ಟೆನಾ? ಆಸ್ಪತ್ರೆ ಮಷೀನಲ್ಲಾ?"

"ಹಿಂದಿನವರಿಗೆ ಎಷ್ಟು ಸಂಬಳ ಇತ್ತೋ ನಂಗೂ ಅಷ್ಟೇ ಬೇಕು ಮೇಡಂ," ಎಂದಳು ಮೊಣಕೈಯಮ್ಮ. "ಎಷ್ಟು ಕೊಟ್ರೂ ಇರೋಳು ನಾನಲ್ಲ."

 ಬಡವನ ಕೋಪ ದವಡೆಗೆ ಮೂಲ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೇಡಂ ಮ್ಯಾನೇಜರನ್ನು ನೋಡಿದರು, ಇವಳನ್ನು ನೋಡಿದರು, ಮೇಜಿನ ಮೇಲಿನ ಪೆನ್ನು ಸರಿಪಡಿಸಿದರು. "ಆಯ್ತು. ಅಷ್ಟೇ ಕೊಡ್ತೀವಿ. ಆದ್ರೆ ಈ ಬಟ್ಟೆ ವಿಷ್ಯ ಈ ರೂಮಲ್ಲೇ ಇರಲಿ. ನೀವೂ ಮಗು ಇರೋರು, ನಿಮಗೂ ಒಳ್ಳೇದು."

ಮೊಣಕೈಯಮ್ಮ ತಲೆಯಾಡಿಸಿದಳು. ದವಡೆ ಉಳಿಯಿತು, ಬಾಯಿ ಹೋಯಿತು. ಮಳೆಯಲ್ಲಿ ನಡೆಯುತ್ತಾ ತನ್ನ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಆದರೂ ಸಂಬಳ ನೆನೆದಾಗ ಎದೆ ಹಗುರವಾದದ್ದೂ ನಿಜ.

ಚೊಕ್ಕ ಕಡೆಯ ಮೊದಲ ದಿನ ಸೋಮವಾರ. ಬಿಳಿ ಕೋಟು ಕಟಕಟ ಎನ್ನುವಷ್ಟು ಗಂಜಿ ಹಾಕಿದ್ದು. ಎಲ್ಲೆಲ್ಲೂ ಬೆಚ್ಚಗಿನ ಸೋಪಿನ ವಾಸನೆ. ಯಂತ್ರದ ದುಂಡು ಗಾಜಿನಲ್ಲಿ ಇಣುಕಿದರೆ ಆಚೆ ಹಲ್ಲಜ್ಜಿಯ ಮುಖ. ಅಜ್ಜಿ ಅಲ್ಲಿಂದ ಮೊಣಕೈ ಎತ್ತಿದಳು, ಇವಳು ಇಲ್ಲಿಂದ ಎತ್ತಿದಳು, ನಡುವೆ ನೊರೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಯಂತ್ರದಿಂದ ಹೊರಬಂದದ್ದು ಮ್ಯಾನೇಜರ್ ಮನೆಯ ಹೊದಿಕೆ. ಬಟ್ಟೆಯ ವಿಷಯ ನಿಜಕ್ಕೂ ಆ ರೂಮಲ್ಲೇ ಉಳಿದಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ಮಲ್ಲಿಗೆಯಷ್ಟು ಬಿಳಿ, ಆದರೂ ಮುಟ್ಟಿದ ಕೈಯನ್ನು ಎರಡು ಸಲ ತೊಳೆದಳು.

ಬಿಸಿಲಿರುವಾಗಲೇ ಕೆಲಸ ಮುಗಿಯಿತು. ಕೋಟನ್ನು ಅಲ್ಲೇ ಕಳಚಿಡಬೇಕೆಂಬ ನಿಯಮವಿದ್ದರೂ, ಮಗಳಿಗೆ ತೋರಿಸಬೇಕೆಂಬ ಆಸೆಗೆ ಚೀಲದಲ್ಲಿ ಹಾಕಿಕೊಂಡು ಬಂದು, ಅಕ್ಕನ ಬೀದಿಯ ತಿರುವಿನಲ್ಲಿ ತೊಟ್ಟುಕೊಂಡಳು. ಮಗಳು ಬೀದಿಯಲ್ಲಿ ಮಣ್ಣಾಟ ಆಡುತ್ತಿದ್ದಳು. ತಾಯಿಯನ್ನು ಹಗಲಲ್ಲಿ ಕಂಡು ಓಡಿ ಬಂದಳು. ಇವಳು ಬಗ್ಗಿ ಎರಡೂ ಕೈ ಅಗಲಿಸಿದಳು. ಈ ದಿನಕ್ಕೆಂದೇ ಬಸ್ಸಿನಲ್ಲಿ ಓದಿದ್ದು, ಈ ದಿನಕ್ಕೆಂದೇ ಬಾಯಿ ಮುಚ್ಚಿಕೊಂಡದ್ದು.

ಒಂದು ಮಾರು ದೂರದಲ್ಲಿ ಮಗಳು ನಿಂತುಬಿಟ್ಟಳು. ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿ, ಮೊಣಕೈ ಒಂದನ್ನೇ ಮುಂದೆ ಚಾಚಿದಳು.

"ಈಗ ಅಮ್ಮನ್ನ ಮುಟ್ಟಬಹುದು ಪುಟ್ಟಿ, ಬಾ."

"ಬೇಡಮ್ಮ. ನೀನೀಗ ಚೊಕ್ಕ ಕಡೆ ಅಲ್ವಾ? ನಾನು ಹೊಲಸಾಗಿದೀನಿ."

ಮೊಣಕೈಯಮ್ಮನಿಗೆ ಆ ಕೋಟಿನ ಮೇಲೆ, ಆ ಗೋಡೆಯ ಮೇಲೆ, ಅದನ್ನು ಇಷ್ಟು ವರ್ಷ ದಿನಾ ಹೊತ್ತು ಮನೆಗೆ ತಂದ ತನ್ನ ಮೊಣಕೈಯ ಮೇಲೆ ತಡೆಯಲಾರದ ಹೇಸಿಗೆಯಾಯಿತು. ಮಗಳನ್ನು ಎಳೆದು ಅಪ್ಪಿಕೊಂಡಳು. ಹುಡುಗಿ ಕೋಟಿಗೆ ತಾಗಬಾರದೆಂದು ಕೈಗಳನ್ನು ದೂರ ಹಿಡಿದು ಸೆಟೆದು ನಿಂತಳು. ತಾಯಿ ಆ ಕೈಗಳನ್ನು ಹಿಡಿದು, ಮಣ್ಣಿನ ಸಮೇತ, ತನ್ನ ಎದೆಯ ಮೇಲಿನ ಬಿಳಿಗೆ ಒತ್ತಿದಳು.

"ಅಮ್ಮ, ಕೊಳೆ ಆಗುತ್ತೆ."

"ಆಗ್ಲಿ. ಒಗೆಯೋಕೆ ನಂಗೆ ಬರುತ್ತೆ."