ನಮ್ಮ ಅಡಿಗೆಮನೆಗೆ ವೈರೆಳೆದವರು

ಅವರ ಹುಬ್ಬು ಸದಾ ಬೆಳ್ಳಗಿರುತ್ತಿತ್ತು. ವಯಸ್ಸಾಗಿ ಅಲ್ಲ, ಗೋಡೆ ಕೊರೆದ ಧೂಳು ಕೂತು. ನಾವು ಅವರನ್ನು ಕರೆಯುತ್ತಿದ್ದುದು ವೈರಿಂಗಣ್ಣ ಎಂದು.

ಭಾರತೀನಗರದಲ್ಲಿ ಮನೆ ಕಟ್ಟಿಸುವಾಗ, ಕಪಾಟಿನೊಳಗೇ ಕೂರುವ ಓವನ್ನು, ಪಾತ್ರೆ ತೊಳೆಯುವ ಮಿಷನ್ನು ಬೇಕೆಂದು ನಾನು ಹಟ ಹಿಡಿದಿದ್ದೆ. "ಓವನ್ ಬೆನ್ನಿಂದೆ ಪಾಯಿಂಟ್ ಬ್ಯಾಡಿ ಕಣಕ್ಕಾರೆ. ಕೆಟ್ರೆ ಕೈ ಓಗಕಿಲ್ಲ. ಪಕ್ಕದ ಕಪಾಟ್ನಲ್ಲಿ ಮಡಗ್ತೀನಿ," ಎಂದರು. ಒಂದೊಂದಕ್ಕೂ ಬೇರೆಯಾಗಿ ದಪ್ಪ ವೈರು ಎಳೆದರು.

ಅತ್ತೆ ಮೂಗು ಮುರಿದರು. "ಪಾತ್ರೆ ಬೆಳಗಕ್ಕೂ ಕರೆಂಟಾ?"

"ಮುದ್ದೆ ಕಟ್ಟೋ ಮಿಷನ್ ಬಂದ್ರೆ ಅದ್ಕೂ ಒಂದು ಪಾಯಿಂಟ್ ಬುಟ್ಟಿವ್ನಿ ಕಣಜ್ಜಿ!"

ಅತ್ತೆಯೂ ನಕ್ಕುಬಿಟ್ಟರು.

ವೈರಿಂಗಣ್ಣ ದಲಿತರ ಕೇರಿಯವರೆಂದು ಎಲ್ಲರಿಗೂ ಗೊತ್ತಿತ್ತು. ಗೃಹಪ್ರವೇಶಕ್ಕೆ ಹಾಲುಕ್ಕಿಸುವ ತನಕ ಅದು ಬರೀ ಗೋಡೆ, ಅವರು ಒಳಗೆಲ್ಲ ಓಡಾಡಿದರು. ಉಕ್ಕಿಸಿದ ಮೇಲೆ ಅಡಿಗೆಮನೆ.

ಮೂರು ತಿಂಗಳಿಗೆ ಓವನ್ನು ನಿಂತಿತು. ಫೋನು ಮಾಡಿದ ಅರ್ಧ ಗಂಟೆಗೆ ಬಂದು ಹಿತ್ತಿಲ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅತ್ತೆ ನನ್ನ ಮುಖ ನೋಡಿದರು.

"ಒಳಗೆ ಅಡಿಗೆ ಹರಡ್ಕೊಂಡಿದೀನಿ ಅಣ್ಣ, ಅಲ್ಲಿಂದ್ಲೇ ಹೇಳಿ, ನಾನೇ ಬಿಚ್ತೀನಿ," ಎಂದೆ.

ಒಲೆಯ ಮೇಲೆ ಏನೂ ಇರಲಿಲ್ಲ. ಬಾಗಿಲಲ್ಲಿ ನಿಂತವರಿಗೆ ಅದು ಕಾಣುತ್ತಿತ್ತು.

ಚಪ್ಪಲಿಗೆ ಮತ್ತೆ ಕಾಲು ತೂರಿಸಿಕೊಂಡರು. ಟೆಸ್ಟರನ್ನು ನನ್ನ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. "ಮೈನ್ ಆಫ್ ಮಾಡುದ್ರಾ?" ಎಂದು ಮೂರು ಸಲ ಕೇಳಿದರು. "ಟೆಸ್ಟರ್ ಇಕ್ಕಿ ನೋಡಿ. ದೀಪ ಬಂತಾ? ಬರ್ನಿಲ್ವಾ? ಈಗ ಮುಟ್ಟಿ." ನನ್ನ ಕೈಗೇನಾದರೂ ಆದೀತೆಂಬುದೇ ಅವರ ಚಿಂತೆ. ಪ್ಲಗ್ಗಿನೊಳಗೆ ಒಂದು ತಿರುಪು ಸಡಿಲವಾಗಿತ್ತು, ಅಷ್ಟೆ. ಬಿಗಿ ಮಾಡಿ ಮೈನ್ ಹಾಕಿದೆ, ಓವನ್ನಿನ ದೀಪ ಹೊತ್ತಿತು.

"ಎದ್ರುಕೋಬ್ಯಾಡಿ ಅಕ್ಕಾರೆ, ಗೋಡೆ ಒಳಗಿರೋ ವೈರೆಲ್ಲ ನನ್ ಕೈಲೇ ಎಳ್ದಿರೋದು," ಎಂದು ಹೊರಟರು. ಕುಟುಕಿದ್ದಲ್ಲ, ಧೈರ್ಯ ಹೇಳಿದ್ದು. ಕುಟುಕಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ತಿಥಿ ಕಳೆದ ಮೇಲೆ ಚಿಕ್ಕರಸಿನಕೆರೆ ಕಡೆಯ ಅವರ ಊರಿಗೆ ಹೋದೆ. ಜಗುಲಿಯಲ್ಲೇ ಕೂರಲು ಹೋದರೆ ಅವರ ಹೆಂಡತಿ, "ಈಚೆ ಬಿಸ್ಲು, ಒಳಕ್ ಬನ್ನಕ್ಕ," ಎಂದು ಸೀದಾ ಒಲೆಯ ಪಕ್ಕ ಮಣೆ ಹಾಕಿದರು. ಟೀ ಸೋಸಿ ಕೊಡುತ್ತಾ, "ನಿಮ್ಮನೆ ಅಡ್ಗೆಮನೆ ಕೆಲ್ಸ ಬೋ ಸಂದಾಗ್ ಬಂದದೆ ಅಂತ ಏಳ್ತಾನೇ ಇದ್ರು. ಒಂದಿನ ಬಂದು ನೋಡ್ಬೇಕು ಕಣಕ್ಕ," ಎಂದರು.

ಬನ್ನಿ ಎನ್ನಲು ಬಾಯಿ ತೆರೆದೆ. ಮನೆಯಲ್ಲಿ ಅತ್ತೆ ಇದ್ದರು.

ಟೀ ಚೆನ್ನಾಗಿದೆ ಎಂದೆ.