ಬಸ್ಸಿನಲ್ಲಿ ಬಂದ ಆಫೀಸರು

ಹೋದ ತಿಂಗಳು ನಮ್ಮ ಚಿಕ್ಕಮ್ಮ ಸರ್ಕಾರವನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ನಾನು ಅಲ್ಲೇ ಇದ್ದೆ. ಒಳಗೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದೆ. ತಡೆಯುವುದಿರಲಿ, ಅವರ ಜಾಣತನಕ್ಕೆ ಮುಸಿಮುಸಿ ನಗುತ್ತಿದ್ದೆ.

ಚಿಕ್ಕಮ್ಮನ ಮನೆ ಇರುವುದು ಕೋಲಾರದ ಕಡೆ, ಯಲ್ದೂರಿನ ಹತ್ತಿರ. ಸೊಸೆ ಸುಜಾತ ಮನೆಯ ಹಿಂದೆ ಒಂದು ಶೆಡ್ಡು ಹಾಕಿಕೊಂಡು ಉಪ್ಪಿನಕಾಯಿ ಮಾಡುತ್ತಾಳೆ. (ರುಚಿ ಹೇಗಿರುತ್ತೆ ಅಂತ ಕೇಳಬೇಡಿ. ನನ್ನ ಬಿ.ಪಿ. ಡಾಕ್ಟರನ್ನು ಕೇಳಿ.) ಈ ಸಲ ಗಡಿಯಾಚೆ ಆಂಧ್ರದ ಒಂದು ದೊಡ್ಡ ಅಂಗಡಿಯವರು ಆರ್ಡರ್ ಕೊಟ್ಟಿದ್ದರು. ಒಂದೇ ಕಂಡೀಷನ್. ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರಬೇಕು. ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ.

ಸುಜಾತ ಅರ್ಜಿ ಹಾಕಿದಳು. ಇಲಾಖೆಯವರು ಜಾಗ ನೋಡಲು ಬರುತ್ತಾರೆ ಎಂದು ಮೆಸೇಜ್ ಬಂತು. ಅಷ್ಟೇ. ಯಾರೂ ಬರಲಿಲ್ಲ. ಆಂಧ್ರದವರು ದಿನಾ ಫೋನು. ಇತ್ತ ಮರದಲ್ಲಿ ಕಾಯಿ ಬಲಿಯುತ್ತಿತ್ತು. ಒಳಗೆ ಹಳದಿ ತಿರುಗಿತು ಅಂದರೆ ಉಪ್ಪಿನಕಾಯಿ ಮೆತ್ತಗಾಗುತ್ತದೆ, ಆ ವರ್ಷದ ಕಥೆ ಮುಗಿದ ಹಾಗೇ.

"ಕೈ ಬೆಚ್ಚಗೆ ಮಾಡ್ಬೇಕೇನೋ ಅಕ್ಕ, ಅದಕ್ಕೇ ಸತಾಯಿಸ್ತಾವ್ರೆ" ಅಂದಳು ಸುಜಾತ. ಇರಬಹುದು ಅಂದೆ ನಾನು. ನಮಗೆಲ್ಲ ಬೇರೆ ಕಾರಣ ಎಲ್ಲಿ ಹೊಳೆಯುತ್ತೆ ಹೇಳಿ?

ಆವತ್ತು ಸುಜಾತ ಕಾಯಿ ತರಲು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದಳು. ಮಧ್ಯಾಹ್ನ ಸುಡುಬಿಸಿಲು. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತ. ಹೆಗಲಿಗೆ ಬ್ಯಾಗು, ಕೈಯಲ್ಲಿ ಛತ್ರಿ, ಮೊಣಕಾಲ ತನಕ ಧೂಳು. ಕನ್ನಡ ಕಲಿತು ಆಡುವ ಉತ್ತರದ ಕಡೆಯವನು.

"ಅಮ್ಮಾ, ಸುಜಾತ ಅವರು ಇದ್ದಾರಾ? ನಾನು ಆಫೀಸಿಂದ ಬಂದಿದ್ದೇನೆ. ಒಳಗೆ ಎಷ್ಟು ಸ್ಟಾಕ್ ಇದೆ, ನೋಡಬೇಕು."

ಮಾವಿನ ಸೀಮೆಯ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ಸೀಸನ್ ಬಂತೆಂದರೆ ಡೆಲ್ಲಿ, ಗುಜರಾತ್ ಕಡೆಯ ವ್ಯಾಪಾರಿಗಳು, ಅವರ ಏಜೆಂಟರು ನಮ್ಮೂರುಗಳನ್ನು ಸುತ್ತುತ್ತಾರೆ. ಯಾರ ಮನೆಯಲ್ಲಿ ಎಷ್ಟು ಮಾಲಿದೆ ಎಂದು ನೋಡಿಕೊಂಡು ಹೋಗಿ ಮಂಡಿಯಲ್ಲಿ ರೇಟು ಇಳಿಸುತ್ತಾರೆ. ಅದಕ್ಕೇ ಅಪರಿಚಿತ ಬಂದು ಮಾಲೆಷ್ಟಿದೆ ಎಂದು ಕೇಳಿದರೆ ಇಲ್ಲ ಅನ್ನಬೇಕು. ಮದುವೆಯಾಗಿ ಬಂದ ಹೆಣ್ಣಿಗೆ ಅತ್ತೆ ಮೊದಲು ಹೇಳಿಕೊಡುವುದೇ ಇದು.

"ಏನೂ ಇಲ್ಲ ಕಣಪ್ಪಾ, ಎಲ್ಲಾ ಆಗೋಯ್ತು" ಅಂದರು ಚಿಕ್ಕಮ್ಮ. "ಅವಳೂ ಊರಲ್ಲಿಲ್ಲ. ಯಾಪಾರ ಬಿಟ್ಟು ತುಂಬಾ ದಿನ ಆಯ್ತು."

ಮನೆಯೆಲ್ಲ ಸಾಸಿವೆ, ಖಾರದ ಪುಡಿ ಘಮ್ಮೆನ್ನುತ್ತಿತ್ತು. ಆ ಮನುಷ್ಯ ಜೋರಾಗಿ ಸೀನಿದ.

"ಉಪ್ಪಿನಕಾಯಿ ವಾಸನೆ ಬರ್ತಾ ಇದೆಯಲ್ಲ ಅಮ್ಮಾ?"

"ಅದು ಮನೆಗೆ. ನಾವೂ ಉಣ್ಣಬೇಕಲ್ಲಪ್ಪಾ."

ಕತ್ತಿನಲ್ಲಿದ್ದ ಕಾರ್ಡು ತೋರಿಸಿದ. ಚಿಕ್ಕಮ್ಮನ ಕನ್ನಡಕ ಒಳಗಿತ್ತು. ಇದ್ದಿದ್ದರೂ ಏನು? ಪಾರ್ಸೆಲ್ ತರುವ ಹುಡುಗನ ಕತ್ತಿನಲ್ಲೂ ಈಗ ಕಾರ್ಡಿರುತ್ತದೆ. ಆತ ನಮಸ್ಕಾರ ಹೇಳಿ, ಛತ್ರಿ ಬಿಚ್ಚಿಕೊಂಡು ಹೊರಟುಹೋದ.

"ಹೆಂಗೆ?" ಎಂದು ಚಿಕ್ಕಮ್ಮ ನನ್ನ ಕಡೆ ನೋಡಿದರು. ನಾನು ಶಭಾಷ್ ಅಂದೆ.

ಸ್ವಲ್ಪ ಹೊತ್ತಿಗೆ ಸುಜಾತ ಸ್ಕೂಟರಿನಲ್ಲಿ ಬಂದಳು. ಮಂಡಿಯ ಗಲಾಟೆಯಲ್ಲಿ ಫೋನು ಕೇಳಿಸಿರಲಿಲ್ಲ. ಮುಖ ಬಿಳಿಚಿತ್ತು.

"ಅತ್ತೆ, ಜಿಎಸ್‌ಟಿ ಇನ್‌ಸ್ಪೆಕ್ಟರು ಫೋನ್ ಮಾಡವ್ರೆ, ಬತ್ತಾ ಇದೀನಿ ಅಂತ ಮೆಸೇಜೂ ಹಾಕವ್ರೆ. ಯಾರಾನ ಬಂದಿದ್ರಾ?"

"ಆಫೀಸರ್ ಯಾರೂ ಬರ್ಲಿಲ್ಲಮ್ಮ. ಯಾರೋ ಮಾವಿನಕಾಯಿ ಏಜೆಂಟು ಬಂದಿದ್ದ. ಓಡ್ಸಿದೆ."

ಸುಜಾತ ಸ್ಕೂಟರ್ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಳು. "ಆಯ್ತು ಬಿಡಿ. ಇಲ್ಲಿ ಯಾಪಾರಾನೇ ಇಲ್ಲ ಅಂತ ಬರ್ಕೊಂಡು ಹೋಗಿರ್ತಾರೆ. ಇನ್ನು ನಂಬರ್ ಬಂದಂಗೇ."

"ಆಫೀಸರ್ ಅಂದ್ರೆ ಜೀಪಲ್ಲಿ ಬರ್ಬೇಕಲ್ವೇನೇ?" ಎಂದರು ಚಿಕ್ಕಮ್ಮ. ದನಿ ಸಣ್ಣಗಾಗಿತ್ತು. "ಒಬ್ಬ ಡ್ರೈವರು, ಒಬ್ಬ ಜವಾನ ಇರ್ಬೇಕಲ್ವಾ? ಇವ್ನು ಚಪ್ಪಲೀಲಿ ನಡ್ಕೊಂಡು ಬಂದ ಕಣೇ."

ಸುಜಾತಳಿಗೆ ಶೆಡ್ಡು ತೆರೆದಿಡಲು ಹೇಳಿ, ಚಿಕ್ಕಮ್ಮನನ್ನು ನನ್ನ ಕಾರಿಗೆ ಹತ್ತಿಸಿಕೊಂಡು ಬಸ್ ಸ್ಟಾಪಿಗೆ ಓಡಿದೆ. ಪುಣ್ಯ, ಆತ ಇನ್ನೂ ಅಲ್ಲೇ ಇದ್ದ. ಹುಣಸೆಮರದ ಕೆಳಗೆ ಫೋನನ್ನು ಮೇಲೆತ್ತಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. 'ಈ ವಿಳಾಸದಲ್ಲಿ ವ್ಯಾಪಾರ ಇಲ್ಲ' ಎಂದು ಆಗಲೇ ಬರೆದಾಗಿತ್ತು. ಕಳಿಸಲು ನೆಟ್‌ವರ್ಕ್ ಇರಲಿಲ್ಲ. ನಮ್ಮ ಕಡೆಯ ಟವರನ್ನು ಬೈಯದ ದಿನವಿಲ್ಲ ನಾನು. ಆವತ್ತು ಕೈ ಮುಗಿದೆ.

ಚಿಕ್ಕಮ್ಮ ಕಾರಿಂದ ಇಳಿದವರೇ, "ತಪ್ಪಾಯ್ತು ಕಣಪ್ಪಾ, ನಿನ್ನನ್ನ ಮಾವಿನ ಯಾಪಾರದೋನು ಅಂದ್ಕೊಂಡೆ" ಎಂದರು. ಆತ ನಕ್ಕ. "ಪರವಾಗಿಲ್ಲ ಅಮ್ಮಾ. ಆ ವಿಗ್ರಹ ಕೆತ್ತುವ ಊರು ಶಿವಾರಪಟ್ಟಣದಲ್ಲಿ ನನ್ನನ್ನು ವಿಗ್ರಹ ಕೊಳ್ಳಲು ಬಂದವನು ಅಂದುಕೊಂಡು ಅರ್ಧ ದಿನ ಗಣಪತಿ ತೋರಿಸಿದರು."

"ಬನ್ನಿ ಸಾರ್, ಕಾರು ಹತ್ತಿ" ಅಂದೆ.

"ಇಲ್ಲ ಮೇಡಂ. ಅರ್ಜಿ ಹಾಕಿದವರ ಕಡೆಯ ಗಾಡಿಯಲ್ಲಿ ನಾನು ಬರಬಾರದು. ನಡೆದು ಬರುತ್ತೇನೆ."

ಅಷ್ಟರಲ್ಲಿ ಬಸ್ಸು ಬಂತು. ಆತ ಅದನ್ನು ಒಮ್ಮೆ ನೋಡಿದ, ನಮ್ಮನ್ನು ಒಮ್ಮೆ ನೋಡಿದ. ಹತ್ತಿದ್ದರೆ ನಾವು ಏನು ಮಾಡುವ ಹಾಗಿತ್ತು? ಹತ್ತಲಿಲ್ಲ. ಮುಂದಿನ ಬಸ್ಸು ಸಂಜೆಗೆ.

ಸರಿ, ಮೆರವಣಿಗೆ ಹೊರಟಿತು. ಮುಂದೆ ಛತ್ರಿ ಹಿಡಿದ ಇನ್‌ಸ್ಪೆಕ್ಟರು. ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದ ಚಿಕ್ಕಮ್ಮ. (ಅವನು ನಡೆಯುವಾಗ ತಾನು ಕಾರಲ್ಲಿ ಕೂರಲ್ಲ ಎಂದು ಹಠ.) ಹಿಂದೆ ಫಸ್ಟ್ ಗೇರಿನಲ್ಲಿ ತೆವಳುತ್ತಾ ನಾನು. ತೋಟದವರೆಲ್ಲ ಕೆಲಸ ಬಿಟ್ಟು ನೋಡಿದರು. ನಾಚಿಕೆಯಾಯಿತು, ಸುಳ್ಳು ಹೇಳಲಾರೆ.

ಕಿಟಕಿ ಇಳಿಸಿಕೊಂಡು ಮಾತಾಡಿಸಿದೆ. ಆಫೀಸಿಗೆ ಜೀಪಿಲ್ಲವೇ? ಬಾಡಿಗೆಯದ್ದು ಒಂದಿತ್ತಂತೆ. ಮುಂದುವರಿಸಲು ಫಂಡು ಬಂದಿಲ್ಲ. ಇವನ ಪಕ್ಕದ ಕುರ್ಚಿಗಳು ಖಾಲಿ. ಆ ಕುರ್ಚಿಗಳ ಕೆಲಸವೂ ಇವನದೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಾ ಬಸ್ಸಿನಲ್ಲೇ. ಫೋನು ಅವನದು, ಡೇಟಾ ಅವನದು. ಹೇಳಿದ್ದು ಗೊಣಗಿಕೊಂಡಲ್ಲ, ನಾನು ಕೇಳಿದೆ ಎಂದು.

ಸುಜಾತಳನ್ನು ಯಾರೂ ಸತಾಯಿಸುತ್ತಿರಲಿಲ್ಲ. ಬರಲು ಗಾಡಿ ಇರಲಿಲ್ಲ, ಅಷ್ಟೇ.

ಶೆಡ್ಡು ನೋಡಿದ, ಫೋಟೊ ತೆಗೆದ, ಟೆರೇಸು ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಂತು ತಿದ್ದಿದ ವರದಿ ಕಳಿಸಿದ. ಚಿಕ್ಕಮ್ಮ ಮುದ್ದೆ, ಹೊಸ ಉಪ್ಪಿನಕಾಯಿ ಬಡಿಸಿಟ್ಟಿದ್ದರು. ಬೇಡ ಅಂದ. ಮಜ್ಜಿಗೆ? ಬೇಡ. ಒಂದು ಚೊಂಬು ನೀರು ಗಟಗಟ ಕುಡಿದು ಬಸ್ ಸ್ಟಾಪಿನ ದಾರಿ ಹಿಡಿದ. ಹಸಿದ ಮನುಷ್ಯ ಉಣ್ಣದೆ ಹೋದದ್ದು ಚಿಕ್ಕಮ್ಮನಿಗೆ ಸಂಕಟವಾಯಿತು. ನನಗೂ.

ಈಗ ನೀವೇ ಹೇಳಿ. ತೆರಿಗೆ ಇಲಾಖೆಗೆ ಇನ್ನಷ್ಟು ದುಡ್ಡು ಕೊಡಿ ಎಂದು ಯಾರಾದರೂ ಎಲ್ಲಾದರೂ ಧರಣಿ ಕೂತಿದ್ದು ನೋಡಿದ್ದೀರಾ? ಆಸ್ಪತ್ರೆಗೆ ಕೇಳುತ್ತೇವೆ, ರಸ್ತೆಗೆ ಕೇಳುತ್ತೇವೆ. ಆ ದುಡ್ಡು ತರುವವನಿಗೆ ಒಂದು ಜೀಪು ಕೊಡಿ ಅಂದರೆ ನಗುತ್ತೇವೆ. ಅವನು ಬಡವನಾಗಿದ್ದಷ್ಟೂ ನಮಗೆ ಕ್ಷೇಮ ಎಂದು ಒಳಗೊಳಗೇ ಒಂದು ಲೆಕ್ಕಾಚಾರ. (ನನ್ನದೂ ಅದೇ ಆಗಿತ್ತು.)

ಆದರೆ ಬಸ್ಸಿನಲ್ಲಿ ಓಡಾಡುವ ಇಲಾಖೆ ಯಾರ ಬಾಗಿಲಿಗೆ ಬರುತ್ತೆ? ಬಸ್ಸು ಹೋಗುವ ಕಡೆ ಇರುವವರ ಬಾಗಿಲಿಗೆ. ನಿಯತ್ತಾಗಿ ಅರ್ಜಿ ಹಾಕಿ, ಬನ್ನಿ ಸ್ವಾಮಿ ಎಂದು ಕಾಯುವ ಸುಜಾತಳಂಥವರ ಬಾಗಿಲಿಗೆ. ದೊಡ್ಡ ಗೇಟು ಹಾಕಿಕೊಂಡು ಏನನ್ನೂ ತೋರಿಸದೆ ಕೂತವರ ತನಕ ಅವನು ನಡೆದು ಹೋಗಲಾದೀತೇ? ಲಂಚ ಮುಟ್ಟದವನು ಬೇಕು ಅನ್ನುತ್ತೇವೆ. ಸಿಕ್ಕಿದ. ಅವನಿಗೆ ನಾವು ಒಂದು ಛತ್ರಿಯನ್ನೂ ಕೊಡಲಿಲ್ಲ, ಅದೂ ಅವನದೇ.

ಸುಜಾತಳ ನಂಬರ್ ಬಂತು. ಕಾಯಿ ಹಳದಿ ತಿರುಗುವ ಮೊದಲೇ ಆರ್ಡರಿನ ಬಾಟಲಿಗಳು ಗಡಿಯ ನಂಗಲಿ ದಾಟಿ ಆಂಧ್ರ ಸೇರಿದವು. ಮೊನ್ನೆ ಅವಳು ಮೊದಲ ಸಲ ಟ್ಯಾಕ್ಸ್ ಕಟ್ಟಿದಳು. ಆ ಸಂಜೆಯೇ ಚಿಕ್ಕಮ್ಮನ ಫೋನು.

"ಲೇ, ನೀನು ಪೇಪರಲ್ಲಿ ಬರೀತೀಯಲ್ಲ, ನಿಂಗೆ ಗೊತ್ತಿರ್ತದೆ. ನಮ್ ಸುಜಾತ ಟ್ಯಾಕ್ಸ್ ಕಟ್ಟವ್ಳೆ. ಆ ಹುಡುಗನಿಗೆ ಜೀಪು ಬಂತೇನೇ?"